ಒಂದೇ ಉಸಿರಿನ ಎಣಿಕೆ

ನಮ್ಮ ಮನೆಯ ಫೋನು ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಬಡಿದುಕೊಳ್ಳುತ್ತಿತ್ತು. ಎರಡು ಸಾವಿರದ ಆಸುಪಾಸಿನ ಮಾತು. ಪುಣೆಯಲ್ಲಿ ಮೊಬೈಲು ಇನ್ನೂ ಬಿಲ್ಡರುಗಳ ಸೊಂಟದಲ್ಲಿ ಮಾತ್ರ ನೇತಾಡುತ್ತಿದ್ದ ಕಾಲ. ಕೋಥ್ರೂಡಿನಲ್ಲಿ ಎರಡನೆಯ ಮಹಡಿಯ ಎರಡು ಕೋಣೆಯ ಮನೆ ನಮ್ಮದು. ಟಿವಿಯ ಪಕ್ಕದ ಸ್ಟೂಲಿನ ಮೇಲೆ, ಅವ್ವ ಹೆಣೆದ ಬಿಳಿ ಟೊಪ್ಪಿಗೆ ಹಾಕಿಕೊಂಡು, ಫೋನು ಮದುವೆಯ ಬೀಗರಂತೆ ಕೂತಿರುತ್ತಿತ್ತು. ಎಂಟರ ಕರೆ ಆಸ್ಪತ್ರೆಯದು. ಆ ಕಡೆ ಒಬ್ಬ ನರ್ಸ್. ಈ ಕಡೆ ಅಪ್ಪ ಇರಬೇಕಾಗಿತ್ತು. ಬಹಳ ದಿನ ಅಪ್ಪನ ಜಾಗದಲ್ಲಿ ನಾನಿದ್ದೆ, ಅಪ್ಪನ ದನಿಯಲ್ಲಿ. ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟನ್ನು ಹೇಳಿದರೆ ನಾನು ಇನ್ನೊಂದು ಚೇಷ್ಟೆ ಮಾಡುತ್ತಿದ್ದೇನೆಂದು ಜನ ತಿಳಿದಾರು.

ಯಾಕೆಂದರೆ ನನ್ನ ಹೆಸರು ಹಾಗಿತ್ತು. ಸೊಸೈಟಿಯ ಸೆಕ್ರೆಟರಿ ನೀರಿನ ಬಗ್ಗೆ ಕೊಡುವ ಭಾಷಣ, ಪಕ್ಕದ ಮನೆಯಾಕೆ ಕಾಕೂ ತರಕಾರಿಯವನ ಜೊತೆ ಮಾಡುವ ಯುದ್ಧ, ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ನಮ್ಮ ಮ್ಯಾನೇಜರನ ಮೂಗಿನ ಇಂಗ್ಲಿಷು, ಎಲ್ಲವೂ ನನ್ನ ಬಾಯಲ್ಲಿ ಇದ್ದವು. ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ: ಡಿಪ್ಲೊಮಾದಲ್ಲಿ ಎರಡು ಸಲ ಕೂತು ಎರಡು ಸಲವೂ ಬಿದ್ದು, ಕೊನೆಗೆ ಪ್ಯಾಕಿಂಗ್ ವಿಭಾಗದಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲ್ವಿಚಾರಕನಾದ ಮಹಾಪುರುಷ. ಆದರೆ ನಾನು ಮೊಟ್ಟಮೊದಲು ಕಲಿತ ದನಿ ಅಪ್ಪನದು. ಅದು ಕಲಿಯುವುದಕ್ಕೆ ಸುಲಭ, ಏಕೆಂದರೆ ಅದನ್ನು ಕೇಳದೆ ಇರುವುದಕ್ಕೆ ಆಗುತ್ತಲೇ ಇರಲಿಲ್ಲ.

ಅಪ್ಪ ಧಾರವಾಡದ ಕಡೆಯಿಂದ ಬಂದು ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಪಿ.ಟಿ. ಮಾಸ್ತರರಾಗಿದ್ದರು. ಸಾವಧಾನ್, ವಿಶ್ರಾಮ್ ಎಂದು ಅವರು ಮೈದಾನದಲ್ಲಿ ಕೂಗಿದರೆ ಹೊರಗಿನ ರಸ್ತೆಯ ರಿಕ್ಷಾದವರೂ ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಕವಾಯತಿಗೆ ಎಣಿಸುವಾಗ ಅವರದೊಂದು ಲಯ: ಒಂದ, ಎರಡ, ಮೂರ, ನಾಕ... ಪ್ರತಿ ಅಂಕಿಯ ಬಾಲವನ್ನು ಕತ್ತರಿಸಿ ಬಿಸಾಡಿದ ಹಾಗೆ. ಮನೆಯಲ್ಲಿ ಅವ್ವನಿಗೆ ಚಹಾ ಕೇಳುವಾಗಲೂ ಅದೇ ದನಿ. "ಚಹಾ ಬೇಕೋ, ಪರೇಡ್ ಬೇಕೋ?" ಎಂದು ಅವ್ವ ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

ಆ ದನಿ ಒಂದು ದಿನ ಮೈದಾನದಲ್ಲೇ ನಿಂತುಹೋಯಿತು. ಮಕ್ಕಳನ್ನು ಸಾವಧಾನದಲ್ಲಿ ನಿಲ್ಲಿಸಿದ್ದಾರೆ, ಮುಂದಿನ ಆಜ್ಞೆ ಬರುತ್ತಿಲ್ಲ. ಮಕ್ಕಳು ಪಾಪ, ನಿಂತೇ ಇದ್ದರು. ಇನ್ನೊಬ್ಬ ಮಾಸ್ತರರು ಬಂದು ಅವರನ್ನು ಬಿಡುಗಡೆ ಮಾಡುವ ಹೊತ್ತಿಗೆ ಅಪ್ಪ ಕಟ್ಟೆಯ ಮೇಲೆ ಕೂತು, ನೀರಿನಿಂದ ತೆಗೆದ ಮೀನಿನಂತೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರಂತೆ. ಕಾಲು ಬಾತು, ಚಪ್ಪಲಿಯ ಬಕಲು ಹಾಕುವುದಕ್ಕೆ ಬರದೆ ಆಗಲೇ ತಿಂಗಳಾಗಿತ್ತು. ಅದನ್ನು ಅವರು ಚಪ್ಪಲಿಯ ತಪ್ಪು ಎನ್ನುತ್ತಿದ್ದರು.

ಆಸ್ಪತ್ರೆಯ ಹೃದಯದ ಡಾಕ್ಟರರು ಮರಾಠಿಯವರು, ವಯಸ್ಸು ನಲವತ್ತರ ಒಳಗೆ. ಅಪ್ಪನ ಕಾಯಿಲೆಯನ್ನು ನನಗೂ ಅವ್ವನಿಗೂ ಅವರು ಸೊಸೈಟಿಯ ನೀರಿನ ಮೋಟರಿಗೆ ಹೋಲಿಸಿ ತಿಳಿಸಿದರು: "ಮೋಟರ್ ಚಾಲೂ ಆಹೇ, ಪಣ ಪಾಣೀ ವರ್ ಚಢತ್ ನಾಹೀ." ಮೋಟರು ತಿರುಗುತ್ತಿದೆ, ನೀರು ಮೇಲೆ ಏರುತ್ತಿಲ್ಲ. ಏರದ ನೀರು ಕೆಳಗೆ ಕಾಲಲ್ಲಿ ನಿಲ್ಲುತ್ತದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ, ಕೊನೆಗೆ ಪುಪ್ಪುಸದಲ್ಲಿ ನಿಲ್ಲುತ್ತದೆ. ಹೃದಯ ಹಿಗ್ಗಿ ಸಡಿಲಾಗಿತ್ತು, ಮೊದಲಿನಂತೆ ಆಗುವ ಹಾಗಿರಲಿಲ್ಲ. ಆದರೆ ಉಪ್ಪು ಬಿಟ್ಟು, ನೀರು ಅಳೆದು ಕುಡಿದು, ಮಾತ್ರೆ ತಪ್ಪಿಸದೆ, ನೀರು ತುಂಬತೊಡಗಿದ ಮೊದಲ ದಿನವೇ ಓಡಿಬಂದರೆ ವರ್ಷಗಟ್ಟಲೆ ನಡೆಯುತ್ತದೆ ಎಂದರು. ತಡಮಾಡಿದರೆ ಇಲ್ಲ. ಈ "ಇಲ್ಲ"ವನ್ನು ಅವರು ಬಹಳ ಮೆಲ್ಲಗೆ ಹೇಳಿದರು. ನಾನು ಮನೆಗೆ ಬಂದು ಅಪ್ಪನಿಗೆ ಡಾಕ್ಟರರ ದನಿಯಲ್ಲಿ ಎಲ್ಲವನ್ನೂ ಮಾಡಿ ತೋರಿಸಿದೆ, ಆ ಒಂದು ಪದವನ್ನು ಬಿಟ್ಟು.

ಎರಡನೆಯ ಸಲ ಅಪ್ಪ ಆಸ್ಪತ್ರೆಗೆ ಸೇರಿದಾಗ ಪಕ್ಕದ ಹಾಸಿಗೆಯಲ್ಲಿ ಬಾರಾಮತಿಯ ಕಡೆಯ ಒಬ್ಬ ಗೃಹಸ್ಥರಿದ್ದರು. ಅವರದೂ ಇದೇ ಕಾಯಿಲೆ. ಇಬ್ಬರೂ ದಿನಾ ಮೂತ್ರದ ಡಬ್ಬಿಯ ಗೆರೆಗಳನ್ನು ಹೋಲಿಸಿಕೊಂಡು, ಇವತ್ತು ಯಾರು ಗೆದ್ದರೆಂದು ಜಗಳವಾಡುತ್ತಿದ್ದರು. ಐದನೆಯ ದಿನ ಮಧ್ಯಾಹ್ನ, ಅಪ್ಪ ಊಟಕ್ಕೆ ಕೈ ತೊಳೆಯುತ್ತಿರುವಾಗ, ಆ ಮನುಷ್ಯ ಹೋಗಿಬಿಟ್ಟರು. ನಡುವೆ ಒಂದು ಹಸಿರು ಪರದೆ ಎಳೆದರು. ಪರದೆಯ ಕೆಳಗಿನಿಂದ ಅವರ ಚಪ್ಪಲಿಗಳು ಸಂಜೆಯವರೆಗೂ ಕಾಣುತ್ತಿದ್ದವು. ಮನೆಗೆ ಬಂದ ಮೇಲೆ ಅಪ್ಪ ನನಗೂ ಅವ್ವನಿಗೂ ಒಟ್ಟಿಗೇ ಹೇಳಿದರು: "ಇನ್ನೊಮ್ಮೆ ನನ್ನ ಅಲ್ಲಿ ಒಯ್ಯಬ್ಯಾಡ್ರಿ. ಏನ ಆದ್ರೂ ಇಲ್ಲೇ ಆಗ್ಲಿ."

ಅಧ್ಯಯನದ ಮಾತು ಬಂದದ್ದು ಆಗ. ಇಂಥ ರೋಗಿಗಳಿಗೆ ದಿನಾ ಫೋನು ಮಾಡಿ ವಿಚಾರಿಸಿಕೊಂಡರೆ ಅವರು ಆಸ್ಪತ್ರೆಗೆ ಬಂದು ಬೀಳುವುದು ಕಡಿಮೆಯಾಗುತ್ತದೆಯೇ, ಬದುಕುವುದು ಹೆಚ್ಚಾಗುತ್ತದೆಯೇ ಎಂದು ಡಾಕ್ಟರರು ನೋಡುತ್ತಿದ್ದರು. ಅರ್ಧ ಜನರಿಗೆ ಫೋನು. ಉಳಿದರ್ಧ ಜನ ಎಂದಿನಂತೆ ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗುವವರು. ಯಾರು ಯಾವ ಕಡೆ ಎಂಬುದು ಮುಚ್ಚಿದ ಲಕೋಟೆಯಲ್ಲಿ. ಲಕೋಟೆ ಒಡೆದು ನರ್ಸ್ "ನಿಮಗ ಫೋನ್ ಬಂತ್ರೀ ಸರ್" ಎಂದಾಗ ಅಪ್ಪ ಲಾಟರಿ ಹೊಡೆದವರಂತೆ ನನ್ನ ಕಡೆ ನೋಡಿದರು. ಫೋನಿದ್ದರೆ ಆಸ್ಪತ್ರೆ ಇಲ್ಲ ಎಂದು ಅವರು ತಿಳಿದರು. ನಾನೂ ಹಾಗೇ ತಿಳಿದೆ.

ನರ್ಸ್ ಬೆಳಗಾವಿಯ ಹೆಣ್ಣುಮಗಳು, ಅಪ್ಪನಿಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರು. ಕನ್ನಡದ ರೋಗಿಗಳೆಲ್ಲ ಅವರ ಪಾಲಿಗೆ. ನಮಗೊಂದು ತೂಕದ ಯಂತ್ರ ಕೊಟ್ಟರು, ಒಂದು ಡೈರಿ ಕೊಟ್ಟರು. ದಿನಾ ಕೇಳುವ ಪ್ರಶ್ನೆ ನಾಲ್ಕು. ತೂಕ ಎಷ್ಟು? ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗಿದಿರಿ? ಕಾಲು ಬಾತಿದೆಯೇ? ನಾಲ್ಕನೆಯದು ಪ್ರಶ್ನೆಯಲ್ಲ. ಒಂದು ಸಲ ಉಸಿರು ತುಂಬಿಕೊಂಡು, ಗಡಿಬಿಡಿ ಮಾಡದೆ, ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸಬೇಕು. ಪುಪ್ಪುಸಕ್ಕೆ ನೀರು ಬರತೊಡಗಿದರೆ ಮೊದಲು ಎಣಿಕೆ ಕುಸಿಯುತ್ತದೆ ಎಂಬುದು ಡಾಕ್ಟರರ ಅನುಮಾನ. ಅಧ್ಯಯನದ ಜೀವ ಇದ್ದದ್ದು ಅದರಲ್ಲಿ.

ಪಿ.ಟಿ. ಮಾಸ್ತರರಿಗೆ ಎಣಿಸಲು ಹೇಳುವುದೇ! ಮೊದಲ ದಿನ ಅಪ್ಪ ಎದೆ ಉಬ್ಬಿಸಿ ಎದ್ದು ನಿಂತು ರಿಸೀವರ್ ಹಿಡಿದರು. ಇಪ್ಪತ್ತೆರಡಕ್ಕೆ ನಿಂತರು.

"ಏನ್ ದನೀರೀ ಸರ್ ನಿಮ್ದು! ನನ್ನ ಕಿವಿ ಹೋತು," ಎಂದರು ನರ್ಸ್. ಅದು ಕೋಣೆಯೆಲ್ಲ ಕೇಳಿಸಿತು. ಅಪ್ಪ ಆ ದಿನವೆಲ್ಲ ಖುಷಿಯಾಗಿದ್ದರು. ಉಪ್ಪಿಲ್ಲದ ಝುಣಕವನ್ನೂ ದೂರದೆ ತಿಂದರು.

ನಾನು ಮೊದಲ ಸಲ ಅವರ ಬದಲು ಮಾತಾಡಿದ್ದು ಬರೀ ತಮಾಷೆಗೆ. ಫೋನು ಬಂದಾಗ ಅಪ್ಪ ಬಚ್ಚಲಿನಲ್ಲಿದ್ದರು. ಎತ್ತಿಕೊಂಡೆ, ಗಂಟಲು ಕೆಳಗಿಳಿಸಿದೆ. "ಹೇಳ್ರೀ ಸಿಸ್ಟರ್" ಎಂದೆ. ತೂಕ ಡೈರಿಯಲ್ಲಿ ಬರೆದಿತ್ತು, ಓದಿದೆ. ದಿಂಬು ಎರಡು. ಕಾಲು ಬಾತಿಲ್ಲ. ಎಣಿಸಿದೆ, ಅಂಕಿಗಳ ಬಾಲ ಕತ್ತರಿಸುತ್ತಾ. ಇಪ್ಪತ್ತೊಂದಕ್ಕೆ ಬೇಕೆಂದೇ ಸ್ವಲ್ಪ ನಡುಗಿಸಿ ನಿಲ್ಲಿಸಿದೆ. ತಿರುಗಿದರೆ ಅಪ್ಪ ಟವೆಲ್ಲಿನಲ್ಲಿ ನಿಂತಿದ್ದಾರೆ. ಬೈಯುತ್ತಾರೆ ಎಂದುಕೊಂಡೆ. ಅವರು ನಗುವುದಕ್ಕೆ ಹೋಗಿ, ಕೆಮ್ಮಿ, ಗೋಡೆ ಹಿಡಿದುಕೊಂಡರು.

"ಮಂಗ್ಯಾನ ಮಗನ," ಎಂದರು. "ನನಗಿಂತ ನೀನ ಛಲೋ ಎಣಸ್ತಿ."

"ಮಂಗ್ಯಾ ಯಾರಂತ ವಿಚಾರ ಮಾಡಿ ಬೈರಿ," ಎಂದೆ ನಾನು.

"ಏನ್ ಚಂದ ಅದ ನಿಮ್ಮಿಬ್ಬರ ಆಟಾ," ಎಂದಳು ಅವ್ವ. "ಆ ಬಾಯಿ ಪಾಪ, ಖರೇನ ಕೇಳ್ತಾಳ." ಬಾಯಿ ಎಂದರೆ ಆ ನರ್ಸ್. ನಾವಿಬ್ಬರೂ ಕೇಳಿಸಿಕೊಳ್ಳಲಿಲ್ಲ.

ಆಮೇಲೆ ವಾರಕ್ಕೊಂದು ದಿನವಾಯಿತು. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಕೊನೆಗೆ ದಿನಾ. ನನಗೆ ಸೆಕೆಂಡ್ ಶಿಫ್ಟ್. ಮಧ್ಯಾಹ್ನ ಕಂಪನಿಯ ಬಸ್ಸು ಹಿಡಿಯುವವರೆಗೆ ನಾನು ಮನೆಯಲ್ಲೇ. ಎಂಟು ಗಂಟೆಗೆ ಫೋನು ಬಡಿದುಕೊಂಡರೆ ಅಪ್ಪ ನನ್ನ ಕಡೆ ಗದ್ದ ಎತ್ತುತ್ತಿದ್ದರು, ಮೈದಾನದಲ್ಲಿ ಮುಂದಿನ ಸಾಲಿನ ಹುಡುಗನಿಗೆ ಸನ್ನೆ ಮಾಡುವ ಹಾಗೆ. ಖುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಮಾಡುತ್ತಿದ್ದದ್ದು ಆ ಖುರ್ಚಿಯಲ್ಲಿ ಕೂತ ಅಪ್ಪನ ದನಿಯಲ್ಲ. ಐದು ವರ್ಷದ ಹಿಂದಿನ ಮೈದಾನದ ಅಪ್ಪನ ದನಿ. ನನಗೆ ಬರುತ್ತಿದ್ದದ್ದು ಅದೊಂದೇ. ಕಾಯಿಲೆಯ ಅಪ್ಪನ ದನಿಯನ್ನು ನಾನು ಕಲಿತಿರಲೇ ಇಲ್ಲ. ಎಲ್ಲರ ಗೂರಲು, ಕೆಮ್ಮು, ತೊದಲು ಎಲ್ಲವನ್ನೂ ಅಣಕಿಸಿದವನಿಗೆ ಆ ಒಂದು ದನಿಗೆ ಮಾತ್ರ ಬಾಯಿ ಬರಲಿಲ್ಲ.

ಒಮ್ಮೆ ಉತ್ಸಾಹದಲ್ಲಿ ಇಪ್ಪತ್ತೆಂಟರವರೆಗೂ ಹೋದೆ. ಫೋನಿಟ್ಟ ಮೇಲೆ ಅಪ್ಪ ಗದರಿದರು: "ಇಪ್ಪತ್ತೈದಕ್ಕ ನಿಂದರಪಾ. ಭಾಳ ಆದ್ರ ಸಂಶೇ ಬರ್ತದ." ಈ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅವರು ನಡುವೆ ಎರಡು ಸಲ ನಿಂತರು. ನಾನು ಅದನ್ನು ಕೇಳಿದೆ. ಕೇಳಿಸಿತು ಎಂದು ಈಗ ಹೇಳುತ್ತಿದ್ದೇನೆ. ಆಗ ನನ್ನ ಇಪ್ಪತ್ತೆಂಟರ ಗುಂಗಿನಲ್ಲಿದ್ದೆ.

ತೂಕದಲ್ಲಿ ನಾವು ಮೋಸ ಮಾಡಲಿಲ್ಲ. ಅದು ನಮ್ಮ ಸಮಾಧಾನ. ಯಂತ್ರದ ಮುಳ್ಳು ಎಲ್ಲಿ ನಿಂತಿತೋ ಅದನ್ನೇ ಹೇಳಿದ್ದು. ಮುಳ್ಳು ತಿಂಗಳಾದರೂ ಇದ್ದಲ್ಲೇ ಇತ್ತು. ನೀರು ತುಂಬಿದ್ದರೆ ತೂಕ ಏರಬೇಕಲ್ಲ, ಏರಿಲ್ಲ ಅಂದರೆ ಆರಾಮ ಅಂತಲೇ ಅಲ್ಲವೇ, ಎಂದು ನಾನು ಅವ್ವನಿಗೆ ಡಾಕ್ಟರರ ದನಿಯಲ್ಲಿ ತಿಳಿಸಿ ಹೇಳಿದೆ. ಅಪ್ಪನ ಅಂಗಿಯ ಕೊರಳಪಟ್ಟಿ ಸಡಿಲಾಗುತ್ತಿತ್ತು. ತೋಳು ಕಡ್ಡಿಯಾಗುತ್ತಿತ್ತು. ಉಪ್ಪಿಲ್ಲದ ಊಟ, ತೆಳ್ಳಗಾಗುವುದು ಸಹಜ ಎಂದುಕೊಂಡೆವು. ದಿಂಬು ಎರಡರಿಂದ ಮೂರಾಯಿತು. "ಎರಡ ಅಂತನ ಹೇಳು," ಎಂದರು ಅಪ್ಪ. "ಮೂರ ಅಂದ್ರ ಕರೀತಾರ." ನಾನು ಎರಡು ಎಂದೆ. ಆ ಎರಡನ್ನು ಬಹಳ ಚೆನ್ನಾಗಿ ಹೇಳಿದೆ.

ಅವ್ವ ಒಂದು ದಿನ ಅಡುಗೆಮನೆಯ ಬಾಗಿಲಿನಲ್ಲಿ ನನ್ನನ್ನು ತಡೆದಳು. "ನಾಳೆ ಅವರ ಕಡೆನ ಫೋನ್ ಕೊಡು."

"ಯಾಕ?"

"ಕೊಡು ಅಂದ್ರ ಕೊಡು. ರೊಟ್ಟಿ ಮುರಿಯೂದಕ್ಕೂ ನಡುವ ನಿಂತ ನಿಂತ ಉಸರ ತಗೋತಾರ."

ಮರುದಿನ ನಾನು ರಿಸೀವರ್ ಚಾಚಿದೆ. ಅಪ್ಪ ತಗೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದರು. ನಮ್ಮ ಮನೆಯಲ್ಲಿ ಅಪ್ಪ ಯಾರನ್ನೂ ಬೇಡಿದವರಲ್ಲ. ಆವತ್ತು ಅವರ ನೋಟ ಬೇಡುತ್ತಿತ್ತು. ನಾನು ರಿಸೀವರನ್ನು ಹಿಂದಕ್ಕೆಳೆದು, "ಹೇಳ್ರೀ ಸಿಸ್ಟರ್" ಎಂದೆ. ಅವ್ವ ಒಳಗೆ ಹೋದಳು. ಪಾತ್ರೆ ಕುಕ್ಕಿದ ಸದ್ದಾಯಿತು.

ಅದಾಗಿ ಎಂಟನೆಯ ದಿನ, ನಾನು ಫ್ಯಾಕ್ಟರಿಯಲ್ಲಿರುವಾಗ, ಸಂಜೆ ಐದಕ್ಕೆ ಅವ್ವನ ಫೋನು. ಅಪ್ಪ ಚಹಾದ ಕಪ್ಪು ಹಿಡಿದವರು ಹಾಗೇ ಒರಗಿದ್ದರು. ಬಾಯಿಂದ ಗುಲಾಬಿ ಬಣ್ಣದ ನೊರೆ. ಪಕ್ಕದ ಮನೆಯ ಕಾಕೂ ರಿಕ್ಷಾ ತಂದು ಒಯ್ದಿದ್ದರು. ರಾಂಜಣಗಾಂವದಿಂದ ನಾನು ಬರುವ ಹೊತ್ತಿಗೆ ಅಪ್ಪನ ಮುಖದ ಮೇಲೆ ಮಾಸ್ಕ್ ಇತ್ತು. ಡಾಕ್ಟರರು ಹಾಸಿಗೆಯ ಬುಡದಲ್ಲಿ ಅಧ್ಯಯನದ ಕಾಗದ ಹಿಡಿದು ನಿಂತಿದ್ದರು.

"ಫೋನ್‌ವರ್ ತರ್ ಠಣಠಣೀತ್ ಹೋತೆ," ಎಂದರು ಅವರು, ನನಗಲ್ಲ, ಕಾಗದಕ್ಕೆ. ಫೋನಿನಲ್ಲಿ ಗಟ್ಟಿಮುಟ್ಟಾಗಿದ್ದರಲ್ಲ. ಆಮೇಲೆ ನನ್ನ ಕಡೆ ತಿರುಗಿ ವಿವರಿಸಿದರು. ಇಂಥವರಲ್ಲಿ ಮಾಂಸ ಕರಗುತ್ತಾ, ಅಷ್ಟೇ ನೀರು ಸೇರುತ್ತಾ ಹೋದರೆ ತೂಕ ಕದಲುವುದಿಲ್ಲ. ತೂಕವನ್ನು ನಂಬುವಂತಿಲ್ಲ ಎಂದೇ ಎಣಿಕೆ ಇಟ್ಟುಕೊಂಡಿದ್ದು. ಇವತ್ತು ಬೆಳಿಗ್ಗೆಯೂ ಇಪ್ಪತ್ನಾಲ್ಕು ಇದೆ. ಹೀಗಾಗುವುದು ಹೇಗೆ?

ನನ್ನ ಬಾಯಿ ತೆರೆಯಿತು. ಮಾಸ್ಕಿನ ಮೇಲೆ ಅಪ್ಪನ ಕಣ್ಣು ನನ್ನ ಮೇಲಿತ್ತು. ತಲೆಯನ್ನು ಅವರು ಒಂದಿಷ್ಟೇ ಆ ಕಡೆ ಈ ಕಡೆ ಮಾಡಿದರು. ಹೇಳಬೇಡ. ನನ್ನನ್ನು ಕಾಪಾಡುತ್ತಿದ್ದರೋ, ತಮ್ಮ ಮಾನವನ್ನೋ ತಿಳಿಯದು. ನಾನು ಬಾಯಿ ಮುಚ್ಚಿದೆ. ಹೇಳಿದ್ದರೂ ಆ ಹೊತ್ತಿಗೆ ಔಷಧಿಯೇನೂ ಬದಲಾಗುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರರೇ ಹೇಳಿದ್ದಾರೆ. ಅದನ್ನು ನಾನು ಕೆಲವು ದಿನ ನಂಬುತ್ತೇನೆ.

ಮೂರನೆಯ ದಿನ ಬೆಳಿಗ್ಗೆ, ಎಂಟು ಆಗುವುದಕ್ಕೆ ಮೊದಲೇ, ಅಪ್ಪ ಹೋದರು. ಪರದೆ ಎಳೆದರು. ಅದೂ ಹಸಿರೇ.

ತೂಕದ ಯಂತ್ರ, ಡೈರಿ ವಾಪಸು ಕೊಡಬೇಕಾಗಿತ್ತು. ತಿಂಗಳಾದ ಮೇಲೆ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಅಧ್ಯಯನದ ಕೋಣೆಗೆ ಹೋದೆ. ನರ್ಸ್ ಎದ್ದು ನಿಂತು ನನ್ನನ್ನು ಕೂರಿಸಿದರು. ಅವರ ಕಣ್ಣು ತುಂಬಿತ್ತು.

"ಸರ್ದು ಎಂಥಾ ದನೀರೀ," ಎಂದರು. "ಕಡೀ ದಿವಸದ ತನಕಾ ಹಂಗ ಇತ್ತು. ನಾ ಬ್ಯಾರೆ ಪೇಶಂಟ್‌ಗೋಳಿಗೆ ಹೇಳ್ತಿದ್ದೆ, ಒಬ್ಬ ಮಾಸ್ತರ ಅದಾರ, ನಿಮ್ಮಂಗ ಜಡ್ಡ ಇದ್ರೂ ಹೆಂಗ ಎಣಸ್ತಾರ ನೋಡ್ರಿ ಅಂತ. ಧೈರ್ಯಾ ಬರ್ಲಿ ಅಂತ ಹೇಳ್ತಿದ್ದೆ."

ಯಂತ್ರ ಕೊಟ್ಟು ಎದ್ದು ಬರಬಹುದಾಗಿತ್ತು. ಕಾಲು ಬಾಗಿಲ ಕಡೆ ತಿರುಗಿಯೂ ಇತ್ತು. ಆದರೆ ಆ ಬ್ಯಾರೆ ಪೇಶಂಟ್‌ಗಳು ಎಂಬ ಮಾತು ಬಿದ್ದಿತಲ್ಲ. ಯಾವಾಗಲೋ ಈ ಕಾಗದಗಳನ್ನೆಲ್ಲ ಕೂಡಿಸುತ್ತಾರೆ. ಇಪ್ಪತ್ನಾಲ್ಕು ಎಣಿಸಿದವನು ಮೂರು ದಿನದಲ್ಲಿ ಹೋದ, ಆದ್ದರಿಂದ ಎಣಿಕೆಯನ್ನು ನಂಬುವಂತಿಲ್ಲ ಎಂದು ಬರೆಯುತ್ತಾರೆ. ಎಣಿಕೆ ಸರಿಯಾಗಿಯೇ ಕುಸಿಯುತ್ತಿರುವ ಇನ್ಯಾರದೋ ಅಪ್ಪನಿಗೆ ಯಾರೂ ಫೋನು ಮಾಡುವುದಿಲ್ಲ.

"ಸಿಸ್ಟರ್, ಅದು ನಾನು," ಎಂದೆ.

ಅವರಿಗೆ ತಿಳಿಯಲಿಲ್ಲ. ನಾನು ಗಂಟಲು ಕೆಳಗಿಳಿಸಿ, "ಹೇಳ್ರೀ ಸಿಸ್ಟರ್," ಎಂದೆ. ಬೇರೆ ದಾರಿ ಹೊಳೆಯಲಿಲ್ಲ. ಅವರು ಕುರ್ಚಿಯ ಹಿಂಭಾಗಕ್ಕೆ ಹೋಗಿ ಅದನ್ನು ಹಿಡಿದು ನಿಂತರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈದರೆ ನಾನು ಅದನ್ನು ಯಾವತ್ತಾದರೂ ಅಣಕಿಸಿ ಹಗುರ ಮಾಡಿಕೊಳ್ಳಬಹುದಾಗಿತ್ತು.

ಆಮೇಲೆ ಕಪಾಟಿನಿಂದ ಅಪ್ಪನ ಫೈಲು ತೆಗೆದು ನನ್ನ ಮುಂದೆ ಬಿಡಿಸಿದರು. ಸಂಶೋಧನೆಯ ಕಾಗದದಲ್ಲಿ ತಪ್ಪನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಹಚ್ಚುವಂತಿಲ್ಲ. ಕೆಳಗಿನ ಅಂಕಿ ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ತಾರೀಖು ಹಾಕಬೇಕು. "ಯಾವ ದಿವಸದ್ದು ನಿಮ್ದು, ಯಾವ ದಿವಸದ್ದು ಸರ್ದು, ಹೇಳ್ರಿ," ಎಂದರು. ಅವರ ದನಿ ಈಗ ಆಫೀಸಿನದಾಗಿತ್ತು.

ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟರು. ಮೊದಲಿನವು ಅಪ್ಪನವು. ಆಮೇಲಿನವು ಕಲಸಿಹೋಗಿದ್ದವು. ಇಪ್ಪತ್ತೊಂದು, ಅದು ನಾನು. ಹತ್ತೊಂಬತ್ತು, ಅಪ್ಪನೇ ಇರಬೇಕು. ಇಪ್ಪತ್ಮೂರು ಯಾರದು? ಗೊತ್ತಿಲ್ಲ. ಇಪ್ಪತ್ತು? ಗೊತ್ತಿಲ್ಲ. ಕೆಲವು ದಿನ ನಾನು ಬೇಕೆಂದೇ ಕಡಿಮೆ ಎಣಿಸಿದ್ದೆ, ನಿಜ ಎನಿಸಲಿ ಎಂದು. ಈಗ ನನಗೇ ಯಾವುದು ನಿಜವೆಂದು ಹೇಳಲು ಬರುತ್ತಿರಲಿಲ್ಲ. ಕೊನೆಯ ತಿಂಗಳಿನ ಹಾಳೆಗೆ ಬಂದಾಗ ಕೆಲಸ ಸುಲಭವಾಯಿತು. ಇದು ನಾನು, ಇದು ನಾನು, ಇದೂ ನಾನು. ಅವರು ಗೆರೆ ಎಳೆದು ಸಹಿ ಮಾಡುತ್ತಾ ಹೋದರು.

ಒಂದು ಭಾನುವಾರದ ಮುಂದೆ ಹನ್ನೊಂದು ಎಂದಿತ್ತು. ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ, ನೆಗಡಿ.

"ಇದು ನಂದಲ್ಲ," ಎಂದೆ. ಹನ್ನೊಂದಕ್ಕೆ ನಾನು ಯಾವತ್ತೂ ನಿಂತಿರಲಿಲ್ಲ. ಆಮೇಲೆ ನೆನಪಾಯಿತು. ಆ ಭಾನುವಾರ ಫ್ಯಾಕ್ಟರಿಯ ಗೆಳೆಯರ ಜೊತೆ ಮಳೆ ನೋಡಲು ಲೋಣಾವಳಾಕ್ಕೆ ಹೋಗಿದ್ದೆ, ನಸುಕಿನ ಲೋಕಲ್ ಹಿಡಿದು. ಅವ್ವ ಭಾನುವಾರ ಎಂಟಕ್ಕೆ ದೇವಸ್ಥಾನಕ್ಕೆ ಹೋಗುವವಳು. ಮನೆಯಲ್ಲಿ ಅಪ್ಪ ಒಬ್ಬರೇ ಇದ್ದರು.

ನರ್ಸ್ ಪೆನ್ನು ಕೆಳಗಿಟ್ಟರು. "ಹೌದು. ಆವತ್ತ ನಾ ಕೇಳಿದ್ನಿ. ಯಾಕ್ರೀ ಸರ್, ಇವತ್ತ ಉಸರ ಸಾಲವಲ್ದು, ಕೂಡ್ಲೇ ಬರ್ರಿ ಅಂದೆ. ಏನಿಲ್ಲವಾ, ಮಳ್ಯಾಗ ತೊಯ್ಸಿಕೊಂಡೇನಿ, ನೆಗಡಿ ಆಗೇದ ಅಂದ್ರು. ಮರುದಿವಸ ನೋಡಿದ್ರ ಮತ್ತ ಇಪ್ಪತ್ತೈದು. ಹಂಗಾರ ನೆಗಡೀನ ಖರೇ ಅನ್ಕೊಂಡೆ."

ಆ ಮರುದಿವಸ ನಾನು. ಮಳೆಯಲ್ಲಿ ತೋಯಿಸಿಕೊಂಡು ಬಂದವನೂ ನಾನೇ. ಅಪ್ಪ ತಿಂಗಳಿಂದ ಮೆಟ್ಟಿಲಿಳಿದಿರಲಿಲ್ಲ. ಕರೆ ಬಂದಿತ್ತು, ಅವರು ಎತ್ತಿದ್ದರು, ಎಣಿಸಿದ್ದರು, ಆಸ್ಪತ್ರೆ ಕರೆದಿತ್ತು. ಕೆಲಸ ಆಗಬೇಕಾದ ಹಾಗೆಯೇ ಆಗಿತ್ತು, ಒಂದು ದಿನದ ಮಟ್ಟಿಗೆ.

ಡಾಕ್ಟರರು ಬಂದು ಎಲ್ಲವನ್ನೂ ನಿಂತೇ ಓದಿದರು. ಸಿಟ್ಟಾಗಲಿಲ್ಲ. ದಣಿದವರಂತೆ ಕಂಡರು. ಯಾವುದು ಯಾರದೆಂದು ಖಚಿತವಿಲ್ಲದಿದ್ದರೆ ಈ ಎಣಿಕೆಗಳಲ್ಲಿ ಒಂದನ್ನೂ ಇಟ್ಟುಕೊಳ್ಳುವಂತಿಲ್ಲ ಎಂದು ನರ್ಸ್‌ಗೆ ಮರಾಠಿಯಲ್ಲಿ ಹೇಳಿದರು. ಸಾವು ಲೆಕ್ಕದಲ್ಲಿರುತ್ತದೆ, ಎಣಿಕೆ ಇರುವುದಿಲ್ಲ.

"ಹನ್ನೊಂದು ಅವರದೇ," ಎಂದೆ ನಾನು. "ಅದು ಖಚಿತ. ಅದೊಂದನ್ನು ಇಟ್ಟುಕೊಳ್ಳಿ."

ಡಾಕ್ಟರರು ತಲೆ ಅಲ್ಲಾಡಿಸಿದರು. ಒಂದನ್ನೇ ಇಟ್ಟುಕೊಂಡು ಏನು ಮಾಡುವುದು, ಅದರ ಹಿಂದಿನದು ಮುಂದಿನದು ಇಲ್ಲದೆ.

ನರ್ಸ್ ನನ್ನ ಮುಖ ನೋಡದೆ ಆ ಸಾಲಿಗೂ ಗೆರೆ ಎಳೆದು, ಸಹಿ ಮಾಡಿ, ತಾರೀಖು ಹಾಕಿದರು. ಗೆರೆಯ ಕೆಳಗೆ ಹನ್ನೊಂದು ಚೆನ್ನಾಗಿಯೇ ಓದಲು ಬರುತ್ತಿತ್ತು.